ಉಮ್ಮನನ್ನು ಪರೀಕ್ಷೆಗೆ ಕೂರಿಸಬೇಡಿ

ವೈದ್ಯರ ಬಾಯಿಂದ ‘ಅಲ್ಝೈಮರ್’ ಎಂಬ ಮಾತು ಕೇಳಿದ ದಿನ, ಆಸ್ಪತ್ರೆಯಿಂದ ಮನೆಗೆ ಮರಳುವ ದಾರಿಯಲ್ಲಿ ಯಾರಿಗೂ ಮಾತು ಹೊರಡುವುದಿಲ್ಲ. ನಿಮ್ಮ ಮನೆಯಲ್ಲೂ ಅಂತಹ ಒಂದು ದಿನ ಇತ್ತೀಚೆಗೆ ಕಳೆದಿದ್ದರೆ ಈ ಬರಹ ನಿಮಗಾಗಿ.

ನನ್ನ ಉಮ್ಮನಿಗೆ ಈ ರೋಗವಿದೆಯೆಂದು ತಿಳಿದಾಗ ನಾನು ಮಾಡಿದ್ದು ಅಧ್ಯಾಪಕನ ಕೆಲಸವನ್ನೇ. ಬೆಳಗಾದರೆ ಪ್ರಶ್ನೆಗಳು. “ಉಮ್ಮಾ, ಇವತ್ತು ಯಾವ ವಾರ? ನಿನ್ನೆ ಯಾರು ಬಂದಿದ್ದರು? ಇವನ ಹೆಸರೇನು?” ಉತ್ತರ ಸರಿಯಾದರೆ ನನಗೆ ನೆಮ್ಮದಿ, ತಪ್ಪಾದರೆ ತಿದ್ದುತ್ತಿದ್ದೆ. ಅಭ್ಯಾಸ ಮಾಡಿಸಿದರೆ ನೆನಪು ಮರಳೀತು ಎಂಬ ಆಸೆ. ಒಂದು ದಿನ ಉಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ನನಗೆ ನೆನಪಿಲ್ಲವೆಂದು ನಿನಗೆ ಗೊತ್ತಲ್ಲ ಮಗಾ, ಮತ್ತೆ ಯಾಕೆ ಕೇಳುತ್ತಿ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಯಾರ ತಪ್ಪೂ ಅಲ್ಲ

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಈ ರೋಗವನ್ನು ಮೊದಲು ವಿವರಿಸಿದರು. ಮೆದುಳಿನಲ್ಲಿ ಕೆಲವು ಪ್ರೋಟೀನ್‌ಗಳು ಶೇಖರವಾಗಿ ಜೀವಕೋಶಗಳು ಸಾಯುತ್ತವೆ. ಹೊಸ ನೆನಪುಗಳನ್ನು ಕೂಡಿಡುವ ಭಾಗಕ್ಕೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಬೆಳಗಿನ ತಿಂಡಿ ಮರೆತವರಿಗೆ ಬಾಲ್ಯದ ಮನೆಯ ಬಾವಿಕಟ್ಟೆ ಸ್ಪಷ್ಟವಾಗಿ ನೆನಪಿರುತ್ತದೆ. ಇದು ಮಾಟವಲ್ಲ, ದೃಷ್ಟಿಯಲ್ಲ, ಮಕ್ಕಳ ಅಲಕ್ಷ್ಯದ ಫಲವೂ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರಬಹುದು. ಆ ತಪಾಸಣೆಗಳು ಆಗಿವೆಯೇ ಎಂದು ವೈದ್ಯರಲ್ಲಿ ಕೇಳಿ. ಈಗಿರುವ ಔಷಧಿಗಳು ಕೆಲವರಿಗೆ ಒಂದಷ್ಟು ಕಾಲ ನೆರವಾಗುತ್ತವೆ, ಆದರೆ ರೋಗವನ್ನು ಗುಣಪಡಿಸುವುದಿಲ್ಲ. ‘ಮುಂದೆ ನನಗೂ ಬರುತ್ತದೆಯೇ?’ ಎಂಬ ಭಯ ಸಹಜ. ಹೆತ್ತವರಿಗಿದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆಂದೇನಿಲ್ಲ.

ಅಳು ಬಂದರೆ ಅತ್ತುಬಿಡಿ. ಕಣ್ಣೆದುರಿಗಿರುವ ವ್ಯಕ್ತಿಯನ್ನು ದಿನ ದಿನ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುವ ದುಃಖವಿದು. ತಾಳ್ಮೆಯೆಂದರೆ ಕಣ್ಣೀರನ್ನು ನುಂಗುವುದಲ್ಲ. ಆದರೆ ಆ ದುಃಖ ಸಿಟ್ಟಾಗಿ ರೋಗಿಯ ಮೇಲೆ ಎರಗದಂತೆ ನೋಡಿಕೊಳ್ಳಿ.

ಅವರಿಗೂ ಗೊತ್ತಾಗುತ್ತದೆ

ಆರಂಭದಲ್ಲಿ ರೋಗಿಗೆ ತನಗೇನಾಗುತ್ತಿದೆ ಎಂಬ ಅರಿವು ಹೆಚ್ಚಾಗಿ ಇರುತ್ತದೆ. ಅವರ ಎದುರಲ್ಲೇ ಪಿಸುಗುಟ್ಟಬೇಡಿ. ಸರಳ ಮಾತಿನಲ್ಲಿ ವಿಷಯ ತಿಳಿಸಿ. ಮುಂದೆ ಯಾರ ಮನೆಯಲ್ಲಿರಲು ಇಷ್ಟ, ಆಸ್ತಿಪತ್ರಗಳ ವಿಚಾರವೇನು ಎಂಬುದನ್ನು ಅವರು ತೀರ್ಮಾನಿಸಬಲ್ಲ ಸ್ಥಿತಿಯಲ್ಲಿರುವಾಗಲೇ ಮಾತಾಡಿ. ಅಕ್ಕಿ ಆರಿಸುವ, ಮಲ್ಲಿಗೆ ಕಟ್ಟುವ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ನನ್ನ ಉಮ್ಮನನ್ನು ಅತಿ ಹೆಚ್ಚು ಕಾಡಿದ್ದು ನಮಾಝ್‌ನ ಚಿಂತೆ. “ಎಷ್ಟು ರಕಅತ್ ಆಯಿತೋ, ಅಲ್ಲಾಹನಿಗೆ ಏನು ಉತ್ತರ ಕೊಡಲಿ?” ಎಂದು ನಡುಗುತ್ತಿದ್ದರು. ಬುದ್ಧಿ ಸ್ಥಿಮಿತ ತಪ್ಪಿದವರ ಮೇಲೆ ಆ ಹೊರೆಯೇ ಇಲ್ಲ ಎಂಬುದು ಮದ್ರಸದಲ್ಲಿ ನಾನೇ ಕಲಿತ ಪಾಠ. ಅದನ್ನು ಉಮ್ಮನ ಕೈಹಿಡಿದು ಹೇಳಬೇಕೆಂದು ಹೊಳೆದದ್ದು ಮಾತ್ರ ತಡವಾಗಿ. ಈಗ ಮೊಮ್ಮಗಳು ಪಕ್ಕದಲ್ಲಿ ನಿಂತು ಜೊತೆಯಲ್ಲೇ ನಮಾಝ್ ಮಾಡುತ್ತಾಳೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಪ್ರಶ್ನೆ ಕೇಳುತ್ತಿದ್ದಾಗ ಉಮ್ಮನ ಸ್ನಾನ, ಬಟ್ಟೆ, ರಾತ್ರಿಯ ನಿದ್ದೆಗೇಡು ಎಲ್ಲವೂ ನನ್ನ ಪತ್ನಿಯದ್ದಾಗಿತ್ತು. ಸೇವೆಯ ಪುಣ್ಯ ಮಗನಿಗೆ, ದಣಿವು ಸೊಸೆಗೆ ಎಂದಾಗಬಾರದು. ಗಲ್ಫ್‌ನಿಂದ ಹಣ ಕಳಿಸುವ ತಮ್ಮನೂ ರಜೆಯಲ್ಲಿ ಬಂದಾಗ ಕೆಲವು ರಾತ್ರಿ ಎಚ್ಚರವಿರಲಿ. ಮನಸ್ಸು ತೀರಾ ಕುಗ್ಗಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ನಾನೀಗ ಉಮ್ಮನಲ್ಲಿ ‘ನಾನು ಯಾರು?’ ಎಂದು ಕೇಳುವುದಿಲ್ಲ. “ಉಮ್ಮಾ, ನಾನು ನಿಮ್ಮ ದೊಡ್ಡ ಮಗ, ಚಹಾ ತಂದಿದ್ದೇನೆ” ಎನ್ನುತ್ತೇನೆ. ಅವರು ಚಹಾ ಕುಡಿಯುತ್ತಾ ಬಾವಿಕಟ್ಟೆಯ ಕಥೆ ಹೇಳುತ್ತಾರೆ. ನೂರು ಸಲ ಕೇಳಿದ ಕಥೆ. ಮೊದಲ ಸಲ ಕೇಳುವವನಂತೆ ಕುಳಿತು ಕೇಳುತ್ತೇನೆ. ಬಾಲ್ಯದಲ್ಲಿ ನನ್ನ ಒಂದೇ ಪ್ರಶ್ನೆಗೆ ಅವರೂ ಎಷ್ಟು ಸಲ ಉತ್ತರಿಸಿದ್ದರೋ!