ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಾಚಕರಿಗೆ ಸನಾದಿಯ ಧ್ವನಿಯನ್ನು ನಾವು ವರ್ಣಿಸಬೇಕಾಗಿಲ್ಲ. ಮದುವೆಯ ಹಂದರದಲ್ಲಿಯೂ ಜಾತ್ರೆಯ ತೇರಿನ ಮುಂದೆಯೂ ಅದನ್ನು ಕೇಳಿಯೇ ಅವರು ಬೆಳೆದಿರುವರು. ಸನಾದಿಯವನ ಬೆರಳು ತೂತಿನ ಮೇಲೆಯೇ ಆಡುತ್ತದೆ. ಅರೆ ಮುಚ್ಚಿ ಅರೆ ತೆರೆದು ಆತನು ಸ್ವರದಿಂದ ಸ್ವರಕ್ಕೆ ಜಾರಬಲ್ಲನು. ನಮ್ಮ ಸಂಗೀತದ ಜೀವವಿರುವುದು ಆ ಜಾರಿನಲ್ಲಿಯೇ. ಬೆರಳಿಗೂ ತೂತಿಗೂ ನಡುವೆ ಒಂದು ಮುಚ್ಚಳವಿಟ್ಟರೆ ಗತಿಯೇನು? ಅಡಾಲ್ಫ್ ಸ್ಯಾಕ್ಸನೆಂಬ ಬೆಲ್ಜಿಯಮ್ ದೇಶದವನು ರಚಿಸಿ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್ ಅಂತಹ ಹಿತ್ತಾಳೆಯ ವಾದ್ಯವು. ಇದರಲ್ಲಿ ಗಮಕವನ್ನು ತೆಗೆದು ತೋರಿಸಿದವರು ನಮ್ಮವರೇ ಆದ ಕದ್ರಿ ಗೋಪಾಲನಾಥರು.

ಅವರು ಹುಟ್ಟಿದುದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನೂ ಮೊದಲು ಕಲಿತುದು ಅದನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಬಳಿಕ ಮನಸ್ಸು ಅತ್ತ ಹರಿಯಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರರಲ್ಲಿಯೂ, ಮುಂದೆ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್‌ರವರಲ್ಲಿಯೂ ಶಿಷ್ಯವೃತ್ತಿ ನಡೆಯಿತು. ವಾದ್ಯವು ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತೆಂದು ಹೇಳುವರು. ಮುಚ್ಚಳಗಳನ್ನು ತಿದ್ದಿಸಿ, ಬೆರಳಿಗೆ ಆಗದುದನ್ನು ತುಟಿಯಿಂದಲೂ ಉಸಿರಿನಿಂದಲೂ ಸಾಧಿಸಿದರು. ಇಷ್ಟು ಕಾಲ ಕಾಯುವ ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದ್ದೀತು!

1980ರಲ್ಲಿ ಮುಂಬಯಿಯ ಜಾಝ್ ಉತ್ಸವಕ್ಕೆ ಅಮೇರಿಕೆಯ ಜಾನ್ ಹ್ಯಾಂಡಿ ಎಂಬ ಸ್ಯಾಕ್ಸೋಫೋನ್ ವಾದಕರು ಬಂದಿದ್ದರು. ಗೋಪಾಲನಾಥರನ್ನು ಕೇಳಿ, ತಾವೂ ಜೊತೆಗೆ ನುಡಿಸಲಪೇಕ್ಷಿಸಿದರು. ಹೊರನಾಡುಗಳ ದಾರಿ ತೆರೆದುದು ಹೀಗೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮೆನೇಡ್ ಕಚೇರಿ ನಡೆಯಿತು. 2004ರಲ್ಲಿ ಪದ್ಮಶ್ರೀ ಬಂದಿತು.

ನಮಗೆ ಇವೆಲ್ಲಕ್ಕಿಂತ ರುಚಿಸಿದ ಸಂಗತಿ ಬೇರೆ. ಅಮೇರಿಕೆಯಲ್ಲಿ ಬೆಳೆದ, ಕನ್ನಡ ಮನೆತನದ ರುದ್ರೇಶ ಮಹಾಂತಪ್ಪನೆಂಬ ತರುಣ ಜಾಝ್ ಅಭ್ಯಾಸ ಮಾಡುತ್ತಿದ್ದಾಗ, ಅಣ್ಣನು ಗೋಪಾಲನಾಥರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಮುದ್ರಿಕೆಯನ್ನು ವಿನೋದಕ್ಕಾಗಿ ಕೊಟ್ಟನಂತೆ. ತಮ್ಮನು ಅದನ್ನು ಕೇಳಿ ಬೆರಗಾದನು. ಮುಂದೆ ಅದೇ ರುದ್ರೇಶರು ಗೋಪಾಲನಾಥರೊಡನೆ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಅದರ ಹೆಸರಿನ ಅರ್ಥವೇ ‘ನೆಂಟರು’ ಎಂದು.

ಇಬ್ಬರೂ ಹಿಡಿದುದು ಒಂದೇ ಜಾತಿಯ ವಾದ್ಯ. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಾಲೂರ್ ಶ್ರೀಜಿಯವರ ಮೃದಂಗ ಒಂದು ಕಡೆ. ಮತ್ತೊಂದು ಕಡೆ ಕಾರ್ಲೋ ಡಿ ರೋಜಾ ಎಂಬವರ ಡಬಲ್ ಬಾಸ್, ಎಂದರೆ ಸಾಮಾನ್ಯವಾಗಿ ನಿಂತುಕೊಂಡು ನುಡಿಸುವ ಆಳೆತ್ತರದ ಪಿಟೀಲು. ನಮ್ಮಲ್ಲಿ ತಂಬೂರಿಯು ಕುಳಿತಲ್ಲಿಂದ ಕದಲದೆ ಷಡ್ಜವನ್ನು ಕಾಯುತ್ತದೆ. ಜಾಝಿನಲ್ಲಿ ಈ ಬಾಸ್ ಹೆಜ್ಜೆ ಹಾಕುತ್ತ ಹಾಕುತ್ತಲೇ ಉಳಿದವರಿಗೆ ನೆಲವಾಗುತ್ತದೆ. ಹೀಗೆ ನಡೆಯುವ ನೆಲದ ಮೇಲೆಯೂ ಗೋಪಾಲನಾಥರು ತಮ್ಮ ಗಮಕವನ್ನು ಬಿಟ್ಟುಕೊಡಲಿಲ್ಲ.

2019ರ ಅಕ್ಟೋಬರ 11ರಂದು ಅವರು ಮಂಗಳೂರಿನಲ್ಲಿ ದಿವಂಗತರಾದರು. ‘ಕಿನ್ಸ್‌ಮೆನ್’ ದೊರೆತರೆ ವಾಚಕರು ಅವಶ್ಯವಾಗಿ ಕೇಳಬೇಕು. ಓಣಿಯಲ್ಲಿ ಸನಾದಿಯವರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಬಹುದು.