ಹತ್ತು ದಿನಕ್ಕೊಮ್ಮೆ ಏಳುವ ಯಂತ್ರ ಹಗಲಿರುಳು ಕಂಡಿದ್ದು ಹೇಗೆ?

ದೆಹಲಿಗೆ ಕಡಲಿಲ್ಲ. ಆದರೂ ದೇಶದ ಕಡಲ ಸಂಶೋಧನೆಗೆ ಹಣ ಮಂಜೂರಾಗುವುದು ಲೋಧಿ ರಸ್ತೆಯ ಪೃಥ್ವಿ ಭವನದಲ್ಲಿ, ಭೂ ವಿಜ್ಞಾನ ಸಚಿವಾಲಯದಲ್ಲಿ. 2021ರಲ್ಲಿ ಅಲ್ಲಿಗೆ ಕಾರ್ಯದರ್ಶಿಯಾಗಿ ಬಂದ ಎಂ. ರವಿಚಂದ್ರನ್ ಹಿಂದೆ ಹೈದರಾಬಾದಿನ ಇನ್‌ಕಾಯಿಸ್ ಕಡಲ ಮಾಹಿತಿ ಸಂಸ್ಥೆಯಲ್ಲಿ, ಕಡಲಲ್ಲಿ ತಾವಾಗಿಯೇ ಮುಳುಗೇಳುತ್ತ ಅಳತೆ ತೆಗೆಯುವ ಯಂತ್ರಗಳಾದ ಆರ್ಗೋ ಫ್ಲೋಟ್‌ಗಳ ಹಿಂದೆ ಬಿದ್ದಿದ್ದವರು. ಆಗ್ನೇಯ ಅರಬ್ಬಿ ಸಮುದ್ರದಲ್ಲಿ ಕಡಲಿನ ಸೂಕ್ಷ್ಮ ಸಸ್ಯಗಳ ಹಸಿರು ಬಣ್ಣವಾದ ಕ್ಲೋರೋಫಿಲ್ ಅಳೆಯುವ ಫ್ಲೋಟ್‌ಗಳನ್ನಿಟ್ಟುಕೊಂಡು ಅವರೂ ಸಹೋದ್ಯೋಗಿಗಳೂ 2012ರಲ್ಲಿ ಬರೆದ ಪ್ರಬಂಧ, ಉಪಗ್ರಹಕ್ಕೆ ಕಾಣದ ಆಳದಲ್ಲೇನು ನಡೆಯುತ್ತದೆ ಎಂಬುದನ್ನು ಬಯಲಿಗಿಟ್ಟಿತು.

ಆದರೆ ಹೊಲದಲ್ಲಿ ಎಷ್ಟು ಹುಲ್ಲು ನಿಂತಿದೆ ಎಂದು ತಿಳಿದ ಮಾತ್ರಕ್ಕೆ ದಿನಕ್ಕೆಷ್ಟು ಬೆಳೆಯುತ್ತದೆ ಎಂದು ತಿಳಿಯುವುದಿಲ್ಲ. ದನ ಮೇಯುತ್ತಲೇ ಇರುತ್ತದಲ್ಲ! ಬೇಕಿದ್ದುದು ಆ ಸೂಕ್ಷ್ಮ ಸಸ್ಯಗಳು ಬೆಳೆಯುವ ವೇಗ, ಅಂದರೆ ಉತ್ಪಾದನೆ. ಬೂತಾಯಿ, ಬಂಗುಡೆಗಳ ಹೊಟ್ಟೆ ತುಂಬುವುದು ಅದರ ಮೇಲೆ.

ಹಳೆಯ ದಾರಿ ಬಾಟಲಿಯದು. 1927ರಲ್ಲಿ ನಾರ್ವೆಯ ಗಾರ್ಡರ್ ಮತ್ತು ಗ್ರಾನ್ ಕಡಲ ನೀರನ್ನು ಒಂದು ಪಾರದರ್ಶಕ ಬಾಟಲಿಯಲ್ಲಿ, ಒಂದು ಕತ್ತಲ ಬಾಟಲಿಯಲ್ಲಿ ತುಂಬಿಟ್ಟು, ಎರಡರ ಆಮ್ಲಜನಕದ ವ್ಯತ್ಯಾಸ ನೋಡಿದರು. 1950ರ ದಶಕದಲ್ಲಿ ವಿಜ್ಞಾನಿ ಸ್ಟೀಮನ್ ನೀಲ್ಸನ್ ವಿಕಿರಣಶೀಲ ಇಂಗಾಲ ಬಳಸಿ ಅದನ್ನು ಸೂಕ್ಷ್ಮಗೊಳಿಸಿದರು. ಎರಡಕ್ಕೂ ಹಡಗು ಬೇಕು. ಬಾಟಲಿಯಲ್ಲಿ ಸಿಕ್ಕಿಬಿದ್ದ ಜೀವಿಗಳು ಕಡಲಲ್ಲಿದ್ದಂತೆಯೇ ಇರುತ್ತವೆಂಬ ಖಾತ್ರಿಯೂ ಇಲ್ಲ. ನಮ್ಮ ಕರಾವಳಿಯಲ್ಲಂತೂ ಆಳದ ಪೋಷಕಾಂಶ ಮೇಲೆ ಬಂದು ಕಡಲು ಹಸಿರಾಗುವುದೇ ಮಳೆಗಾಲದಲ್ಲಿ. ಮಲ್ಪೆ, ಮಂಗಳೂರಿನ ಬೋಟುಗಳು ದಡ ಹತ್ತಿ ಕೂತಿರುವ ಜೂನ್, ಜುಲೈನಲ್ಲಿ.

ಬಾಟಲಿಯೇ ಬೇಡವೆಂದವರೂ ಇದ್ದರು. ಅಮೆರಿಕದ ಹೊವರ್ಡ್ ಓಡಂ 1956ರಲ್ಲಿ ಹರಿಯುವ ನೀರಿನಲ್ಲೇ ಲೆಕ್ಕ ಹಾಕಿ ತೋರಿಸಿದರು: ಬಿಸಿಲಿಗೆ ಆಮ್ಲಜನಕ ಏರುತ್ತದೆ, ರಾತ್ರಿ ಇಳಿಯುತ್ತದೆ, ಈ ಏರಿಳಿತದಲ್ಲೇ ಉತ್ಪಾದನೆ ಅಡಗಿದೆ. ತೆರೆದ ಕಡಲಲ್ಲಿ ಮಾತ್ರ ಆ ಏರಿಳಿತ ಒಟ್ಟು ಆಮ್ಲಜನಕದ ಶೇಕಡಾ ಒಂದಕ್ಕೂ ಕಡಿಮೆ. ಅದನ್ನು ಹಿಡಿಯುವ, ವರ್ಷಗಟ್ಟಲೆ ಮನುಷ್ಯರ ಕೈ ತಾಗದೆ ಉಳಿಯುವ ಸಂವೇದಕ ಎಲ್ಲಿತ್ತು?

ಅದು ಬಂದದ್ದು ಆಪ್ಟೋಡ್ ರೂಪದಲ್ಲಿ. ಅದರ ಮೂತಿಗೆ ಬಣ್ಣದ ತೆಳು ಪೊರೆ ಅಂಟಿರುತ್ತದೆ. ನೀಲಿ ಬೆಳಕು ಬಿಟ್ಟರೆ ಪೊರೆ ಕೆಂಪಗೆ ಮಿನುಗುತ್ತದೆ. ಸುತ್ತ ಆಮ್ಲಜನಕ ಹೆಚ್ಚಿದ್ದಷ್ಟೂ ಮಿನುಗು ಬೇಗ ಆರುತ್ತದೆ. ಆ ಆರುವ ಹೊತ್ತನ್ನೇ ಅಳೆಯುವುದು. ತೊಂದರೆಯೆಂದರೆ, ಕಡಲಿಗಿಳಿಯುವ ಮೊದಲೇ, ಕಪಾಟಿನಲ್ಲಿ ಕೂತಲ್ಲೇ, ಅದರ ಅಳತೆ ಜಾರಿರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ: ಸಂವೇದಕವನ್ನು ಒಂದು ಕಡ್ಡಿಯ ತುದಿಗೇರಿಸಿ, ಫ್ಲೋಟ್ ಮೇಲೆ ಬಂದಾಗಲೆಲ್ಲ ನೀರಿನಿಂದ ಹೊರಗೆ ಗಾಳಿಯನ್ನೇ ಅಳೆಯುವಂತೆ ಮಾಡಿದರು. ಒಣ ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 20.9. ಸರಿ ತಪ್ಪು ತೂಗಲು ಅದಕ್ಕಿಂತ ಅಗ್ಗದ ಬಟ್ಟು ಎಲ್ಲಿ ಸಿಕ್ಕೀತು?

ಇನ್ನೊಂದು ತೊಡಕು ಉಳಿದಿತ್ತು. ಫ್ಲೋಟ್ ಸಾಮಾನ್ಯವಾಗಿ ಸಾವಿರ ಮೀಟರ್ ಆಳದಲ್ಲಿ ತೇಲುತ್ತ, ಎರಡು ಸಾವಿರಕ್ಕೆ ಇಳಿದು, ಮೇಲೇಳುವುದು ಹತ್ತು ದಿನಕ್ಕೊಮ್ಮೆ. ಹಗಲು ರಾತ್ರಿಯ ವ್ಯತ್ಯಾಸ ಅದಕ್ಕೆಲ್ಲಿ ಸಿಗಬೇಕು? ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಕೆನೆತ್ ಜಾನ್ಸನ್ ಮತ್ತು ಮರಿಯಾನಾ ಬಿಫ್ ಒಂದನ್ನೇ ನೋಡುವುದು ಬಿಟ್ಟು ನೂರಾರನ್ನು ಒಟ್ಟಿಗೆ ನೋಡಿದರು. ಹಲವು ಫ್ಲೋಟ್‌ಗಳ ಸುತ್ತು ನಿಖರವಾಗಿ ಹತ್ತು ದಿನವಲ್ಲ, ತುಸು ಹೆಚ್ಚು ಕಡಿಮೆ. ಹಾಗಾಗಿ ಒಮ್ಮೆ ಬೆಳಗ್ಗೆ ಎದ್ದದ್ದು ಮತ್ತೊಮ್ಮೆ ನಡುರಾತ್ರಿ ಏಳುತ್ತದೆ. ವರ್ಷಗಳ ಅಳತೆಗಳನ್ನು ಆಯಾ ಜಾಗದ ಗಂಟೆಗೆ ತಕ್ಕಂತೆ ಜೋಡಿಸಿದಾಗ ಕಡಲಿನ ಒಂದು ದಿನ ಮೂಡಿತು: ಸೂರ್ಯೋದಯಕ್ಕೆ ತಗ್ಗು, ಸಂಜೆಗೆ ಉಬ್ಬು. 2021ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಜಗತ್ತಿನ ಕಡಲುಗಳ ಉತ್ಪಾದನೆ ವರ್ಷಕ್ಕೆ ಸುಮಾರು 5,300 ಕೋಟಿ ಟನ್ ಇಂಗಾಲ. ಎಷ್ಟೋ ವರ್ಷಗಳಿಂದ ಜನರ ಕೈಯಲ್ಲಿದ್ದ ಮಾಹಿತಿಯಿಂದಲೇ ಹೊರಟ ಉತ್ತರವಿದು.

ಅದೇ ವರ್ಷ ದೆಹಲಿಯಲ್ಲಿ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳಲ್ಲಿ ಮಿಂಚುವುದು ಮನುಷ್ಯರನ್ನು ಆರು ಸಾವಿರ ಮೀಟರಿಗೆ ಇಳಿಸುವ ಮತ್ಸ್ಯ 6000, ಮಿಂಚಲಿ. ನನ್ನ ಕುತೂಹಲವೆಲ್ಲ ಫ್ಲೋಟ್‌ಗಳ ಗಡಿಯಾರದ ಮೇಲೆ. ಪ್ರತಿ ಬಾರಿ ಒಂದೇ ಗಂಟೆಗೆ ಏಳುವಂತೆ ಕಟ್ಟಿಟ್ಟ ಫ್ಲೋಟ್‌ನಿಂದ ಈ ಲೆಕ್ಕಕ್ಕೆ ಉಪಯೋಗವಿಲ್ಲ. 240 ಗಂಟೆಯ ಸುತ್ತನ್ನು 245 ಮಾಡಿದರೆ ಸಾಕು, ಎಂಟು ತಿಂಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನೂ ಅದು ಒಂದೊಂದು ಸಲ ಮುಟ್ಟಿರುತ್ತದೆ.