ಕೂಸನ್ನು ವಹಿಸಿಕೊಂಡವರ ಹೊಣೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಗೃಹಜೀವನವು ಒಂದು ತಲೆಮಾರಿನೊಳಗೆ ಬಹುಮಟ್ಟಿಗೆ ಮಾರ್ಪಟ್ಟಿದೆ. ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ಹೆಂಗಸರು ಪಾಳಿಯ ಮೇಲೆ ಹೋಗುತ್ತಿದ್ದಾರೆ; ಶ್ರೀನಿವಾಸಪುರದ ಮಾವಿನ ಸುಗ್ಗಿಗೂ ಮುಳಬಾಗಿಲಿನ ಟೊಮೇಟೊ ಹೊಲಗಳಿಗೂ ಅವರ ದುಡಿಮೆಯೇ ಆಧಾರ. ಅಜ್ಜಿಯೂ ಕೂಲಿಗೆ ಹೊರಟ ಮನೆಯಲ್ಲಿ ಎರಡು ವರುಷದ ಕೂಸನ್ನು ನೋಡಿಕೊಳ್ಳತಕ್ಕವರು ಯಾರು?

ಆದಕಾರಣ ಶಿಶುಪಾಲನಾಗೃಹಗಳು ಬೇಕು. ಕೆರೆ, ಕೃಷಿಹೊಂಡಗಳು ತುಂಬಿರುವ ಈ ಸೀಮೆಯಲ್ಲಿ ಅವು ಪ್ರಾಣರಕ್ಷಕಗಳೂ ಹೌದು. ಚಿಕ್ಕಮಕ್ಕಳು ನೀರಿನ ಪಾಲಾಗುವುದನ್ನು ತಡೆಯುವ ಉಪಾಯಗಳಲ್ಲಿ ಇಂತಹ ಗೃಹಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ನಮ್ಮ ಸರಕಾರವು 2023-24ರ ಆಯವ್ಯಯದಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ'ಯನ್ನು ಘೋಷಿಸಿದುದು ಶ್ಲಾಘ್ಯವಾದುದೇ. ಆದರೆ ರಕ್ಷಣೆಗೆಂದು ಒಪ್ಪಿಸಿದ ಸ್ಥಳದಲ್ಲಿಯೇ ಮಗುವಿಗೆ ಪೆಟ್ಟಾದರೆ ಉತ್ತರ ಹೇಳತಕ್ಕವರು ಯಾರೆಂಬುದನ್ನು ನಮ್ಮ ಪಟ್ಟಣಿಗರು ಇನ್ನೂ ಸರಿಯಾಗಿ ವಿಚಾರಿಸಿಲ್ಲ.

ಮುಚ್ಚಳವಿಲ್ಲದ ಸಂಪು, ಕುದಿಯುವ ಸಾರಿನ ಪಾತ್ರೆ, ತಡೆಗಂಬಿಯಿಲ್ಲದ ಮೆಟ್ಟಿಲು, ಕೈಗೆಟಕುವ ವಿದ್ಯುತ್ತಿನ ತಂತಿ, ಗಂಟಲಿಗೆ ಸಿಕ್ಕುವ ಕಡಲೇಬೀಜ: ಮಕ್ಕಳ ಅಪಘಾತಗಳು ಬಹುತೇಕ ಇಂತಹ ಕಾರಣಗಳಿಂದಲೇ ಆಗುವುವು. ಇವುಗಳಲ್ಲಿ ವಿಧಿಯ ಕೈವಾಡವೇನೂ ಇಲ್ಲ. ಕಣ್ಣಿಟ್ಟು ನೋಡುವವರಿಲ್ಲದುದೇ ಮೂಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಲಸಂದ್ರದ ಒಂದು ಶಿಶುಶಾಲೆಯಲ್ಲಿ, ದೊಡ್ಡವರಾರೂ ಇಲ್ಲದ ಕೋಣೆಯೊಳಗೆ ಒಂದು ಮಗು ಇನ್ನೊಂದನ್ನು ಮೇಲಿಂದ ಮೇಲೆ ಹೊಡೆದ ದೃಶ್ಯವು ಹೊರಬಿದ್ದು ಜನರು ಬೆಚ್ಚಿದರು. ಹೊಡೆದ ಕೂಸಿನ ಮೇಲೆ ಯಾವ ತಪ್ಪನ್ನು ಹೊರಿಸಲಾದೀತು? ತಪ್ಪು ಆ ಕೋಣೆಯಲ್ಲಿ ಇರಬೇಕಾಗಿದ್ದು ಇಲ್ಲದವರದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2015ರ ಬಾಲನ್ಯಾಯ ಶಾಸನದ 75ನೆಯ ಪ್ರಕರಣದ ಮೇರೆಗೆ, ಮಕ್ಕಳ ಪಾಲನೆಯನ್ನು ವಹಿಸಿಕೊಂಡ ಸಂಸ್ಥೆಯ ನೌಕರರಾಗಲಿ ಆಡಳಿತಗಾರರಾಗಲಿ ಮಗುವನ್ನು ಹಿಂಸಿಸಿದರೆ ಇಲ್ಲವೆ ಬೇಕೆಂದೇ ಅಲಕ್ಷಿಸಿ ಸಂಕಟಕ್ಕೆ ಗುರಿಮಾಡಿದರೆ, 5 ವರ್ಷಗಳವರೆಗೆ ಕಠಿಣ ಸಜೆಯೂ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು. ಅಜಾಗರೂಕತೆಯಿಂದ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೆಯ ಪ್ರಕರಣವಿದೆ. ಶುಲ್ಕ ಪಡೆದು ನಡೆಸುವ ಗೃಹದ ಸೇವಾಲೋಪವನ್ನು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಡಬಹುದು. 1995ರಲ್ಲಿ ಶಾಲೆಯೊಂದರ 14 ಮಕ್ಕಳು ವಿಹಾರಕ್ಕೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿದಾಗ, ಶಿಕ್ಷಕರ ಅಲಕ್ಷ್ಯಕ್ಕೆ ಶಾಲೆಯೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ತೀರ್ಮಾನಿಸಿ, ಪ್ರತಿಯೊಂದು ಮಗುವಿನ ತಂದೆತಾಯಿಗಳಿಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. 'ಅಪಘಾತಕ್ಕೆ ನಾವು ಜವಾಬ್ದಾರರಲ್ಲ' ಎಂಬ ಕಾಗದಕ್ಕೆ ತಂದೆಯಿಂದ ರುಜು ಹಾಕಿಸಿಕೊಂಡ ಮಾತ್ರಕ್ಕೆ ಅಪರಾಧವು ಅಪರಾಧವಲ್ಲವೆಂದಾಗದು.

ಕಾರ್ಖಾನೆಗಳ ಒಡೆಯರಿಗೂ ಒಂದು ಮಾತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು 50 ನೌಕರರುಳ್ಳ ಸಂಸ್ಥೆಗೆ ಶಿಶುಗೃಹವನ್ನು ವಿಧಿಸಿ, ತಾಯಿಯು ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವನ್ನಿತ್ತಿದೆ. ತಾಯಿಯ ಕಣ್ಣಿಗಿಂತ ಮಿಗಿಲಾದ ತನಿಖೆ ಯಾವುದುಂಟು? ಈ ಹಕ್ಕನ್ನು ಕೆಲಸದ ನೆವದಿಂದ ಮೊಟಕುಮಾಡಕೂಡದು.

ಆದರೂ ಶಿಕ್ಷೆಯು ಪೆಟ್ಟಾದ ಮೇಲಣ ಮಾತು. ಪೆಟ್ಟಾಗದಂತೆ ನೋಡುವುದು ಆಡಳಿತದ ಧರ್ಮ. ನಾಲ್ಕು ಪಟ್ಟಣಗಳ ನಗರಾಡಳಿತಗಳೂ ತಮ್ಮ ಎಲ್ಲೆಯೊಳಗಿನ ಪಾಲನಾಗೃಹಗಳ ಪಟ್ಟಿಯನ್ನು ಪ್ರಕಟಿಸಲಿ. ವರುಷಕ್ಕೆ ಎರಡಾವರ್ತಿಯಾದರೂ ಛಾವಣಿ, ಸಂಪು, ಅಡಿಗೆಮನೆ, ಮಕ್ಕಳ ಸಂಖ್ಯೆ, ನೋಡುವವರ ಸಂಖ್ಯೆಗಳನ್ನು ತನಿಖೆಮಾಡಿಸಲಿ. ಪ್ರತಿಯೊಂದು ಪೆಟ್ಟೂ ಅದೇ ದಿನ ಪುಸ್ತಕದಲ್ಲಿ ದಾಖಲಾಗಿ ತಂದೆತಾಯಿಗಳಿಗೆ ತಿಳಿಯಲಿ. ಅಡಿಗೆ, ಲೆಕ್ಕ, ತೂಕ, ಪಾಠಗಳೆಲ್ಲವನ್ನೂ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ತಲೆಗೆ ಕಟ್ಟಿ, ಅಪಘಾತವಾದೊಡನೆ ಆ ಬಡಹೆಂಗಸರನ್ನೇ ಬಲಿಕೊಡುವುದು ನ್ಯಾಯವಲ್ಲ. ಸಾಕಷ್ಟು ಜನರನ್ನು ನೇಮಿಸದವರೂ ಸೋರುವ ಕಟ್ಟಡವನ್ನು ಕಂಡು ಸುಮ್ಮನಿದ್ದವರೂ ಮೊದಲು ಉತ್ತರ ಹೇಳಬೇಕು.

ಕೂಲಿಯವಳ ಕೂಸಿಗೂ ಅಧಿಕಾರಿಯ ಕೂಸಿಗೂ ನೋವು ಒಂದೇ. ಜಿಲ್ಲಾಡಳಿತವು ಮುಂದಿನ ಮಳೆಗಾಲಕ್ಕೆ ಮೊದಲೇ ಈ ತನಿಖೆಯನ್ನು ಕೈಗೊಳ್ಳುವುದೆಂದು ನಾವು ನಿರೀಕ್ಷಿಸುತ್ತೇವೆ.